ತೆಗ್ಗು ಉಳಿಸಿದ ಮಾತು

ನೆನಪನ್ನು ನಾನು ನಂಬುವುದಿಲ್ಲ. ಅದು ಗೋಡೆಗೆ ಸುಣ್ಣ ಬಳಿಯುವವನ ಹಾಗೆ, ಬಿರುಕು ಕಂಡಲ್ಲೆಲ್ಲ ಒಂದು ಕೈ ಜಾಸ್ತಿಯೇ ಬಳಿದುಬಿಡುತ್ತದೆ. ಈ ಅಪನಂಬಿಕೆಯಿಂದಲೇ ಕಾರಿನ ಮುಂಗಾಜಿಗೆ ಡ್ಯಾಶ್ ಕ್ಯಾಮೆರಾ ಅಂಟಿಸಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜವೆಂದರೆ, ಅಂಥದ್ದನ್ನು ನನ್ನ ಬಾವಮೈದುನ ತನ್ನ ಕಾರಿಗೆ ಹಾಕಿಸಿದ್ದ, ಹೆಂಡತಿ ಅದನ್ನು ನನ್ನೆದುರಿಗೇ ಹೊಗಳಿದಳು.

ಕ್ಯಾಮೆರಾಕ್ಕೆ ಕಾಣುವುದು ರಸ್ತೆ ಮಾತ್ರ. ಆದರೆ ಕಾರಿನೊಳಗಿನ ಮಾತೂ ಅದಕ್ಕೆ ಕೇಳುತ್ತದೆ. ಒಳಗಿನ ಮಾತೆಂದರೆ ಗುಡ್ಡಪ್ಪನವರದು. ಶಿಗ್ಗಾಂವದಿಂದ ಹಾನಗಲ್ಲಿನ ನಮ್ಮ ಕಾಲೇಜಿಗೆ ದಿನಾ ನನ್ನ ಪಕ್ಕದಲ್ಲಿ ಕೂತು ಬರುತ್ತಿದ್ದ ಸಹೋದ್ಯೋಗಿ. ಸವಣೂರಿನ ವೀಳ್ಯದೆಲೆಯನ್ನು ದವಡೆಗಿಟ್ಟುಕೊಂಡು ತಮ್ಮೂರು ಹತ್ತಿಮತ್ತೂರಿನ ಕತೆ ಹೇಳುವವರು. ನಾನು ಬೇರೇನನ್ನೋ ಯೋಚಿಸುತ್ತ ‘ಹೂಂ’ ಅನ್ನುವವನು. ಹೋದ ಬೇಸಿಗೆಯಲ್ಲಿ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಆ ಸೀಟಿನ ಮೇಲೆ ಈಗ ನನ್ನ ಊಟದ ಡಬ್ಬಿ ಕೂರುತ್ತದೆ. ಬೆಲ್ಟ್ ಹಾಕಿಲ್ಲವೆಂದು ಕಾರು ಅದಕ್ಕೂ ಬಯ್ಯುತ್ತದೆ.

ಡಬ್ಬಿ ಕತೆ ಹೇಳುವುದಿಲ್ಲ. ಆಗ ಕಾಡತೊಡಗಿದ್ದು ಗುಡ್ಡಪ್ಪನವರ ಸೋದರತ್ತೆಯ ಮದುವೆ. ಎಮ್ಮೆಯೊಂದು ಹಂದರಕ್ಕೆ ನುಗ್ಗಿ ಮದುಮಗನ ರುಮಾಲನ್ನು ತಿಂದಿತೋ, ಬಾಸಿಂಗವನ್ನೋ? ಮನೆಯಲ್ಲಿ ಹೇಳುವಾಗ ಒಮ್ಮೆ ಅದು, ಒಮ್ಮೆ ಇದು. “ನಿಮ್ಮ ಎಮ್ಮಿ ದಿನಾ ಬ್ಯಾರೆ ಬ್ಯಾರೆ ಮೇಯತೈತಲ್ರಿ?” ಎಂದಳು ಹೆಂಡತಿ.

ಸಾಕ್ಷಿ ಕ್ಯಾಮೆರಾದಲ್ಲಿ ಇರಲೇಬೇಕಲ್ಲ! ಆದರೆ ಅದರ ಕಾರ್ಡು ಸಣ್ಣದು. ತುಂಬಿದ ಕೂಡಲೇ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಕೊಳ್ಳುತ್ತದೆ. ಕಾರಿಗೆ ಪೆಟ್ಟು ಬಿದ್ದಂತಾದ ನಿಮಿಷವನ್ನು ಮಾತ್ರ ಅಪಘಾತವೆಂದು ಬಗೆದು, ಅಳಿಸದಂತೆ ಬೀಗ ಹಾಕಿ ಇಟ್ಟುಕೊಳ್ಳುತ್ತದೆ. ಪಾಪ, ಅದಕ್ಕೆ ನಮ್ಮ ರಸ್ತೆ ಗೊತ್ತಿರಲಿಲ್ಲ. ಹಾನಗಲ್ಲಿನ ಮೊಬೈಲ್ ಅಂಗಡಿಯವರು ಕಾರ್ಡು ನೋಡಿ ನನ್ನನ್ನೊಮ್ಮೆ ನೋಡಿದರು. “ಸರ, ಇದರಾಗ ಜಾಗಾನ ಇಲ್ಲ. ಬರೇ ಆಕ್ಸಿಡೆಂಟ್ ತುಂಬ್ಯಾವ. ಹೆಂಗ ಬದುಕೀರಿ ನೀವು?”

ಎಲ್ಲವೂ ನಮ್ಮ ರಸ್ತೆಯ ತೆಗ್ಗು-ಗುಂಡಿಗಳು. ರಸ್ತೆ ನಯವಿದ್ದಲ್ಲಿ ಗುಡ್ಡಪ್ಪನವರು ಆಡಿದ್ದೆಲ್ಲ ಅಳಿಸಿಹೋಗಿ, ಕೆಟ್ಟಲ್ಲಿ ಆಡಿದ್ದಷ್ಟೇ ಉಳಿದಿತ್ತು. “ಆವಾಗ ಎಮ್ಮಿ ಬಂದದ್ದ ಬಂದದ್ದು, ಮಾವನ ತಲಿ ಮ್ಯಾಲಿನ... ತೆಗ್ಗ್ ರೀ ಸರ, ತೆಗ್ಗ್!” ಆಮೇಲೆ ಬಯ್ಗುಳ, ನಗು, ನನ್ನ ‘ಹೂಂ’.

ಆ ಕಾರ್ಡನ್ನು ಜೋಪಾನವಾಗಿ ತೆಗೆದಿಟ್ಟು ಎಲ್ಲಕ್ಕಿಂತ ದೊಡ್ಡ ಕಾರ್ಡು ಹಾಕಿಸಿದೆ. “ತಿಂಗಳಗಟ್ಲೆ ಹಿಡಿತೈತ್ರಿ. ಆಮ್ಯಾಲ ಇದೂ ಅಳಸತೈತಿ. ಬೀಗ ಬಿದ್ದದ್ದಷ್ಟ ಖಾಯಂ,” ಎಂದರು ಅಂಗಡಿಯವರು. ತಿಂಗಳುಗಟ್ಟಲೆ ಅದರಲ್ಲಿ ತುಂಬಿದ್ದು ಡಬ್ಬಿಯ ಮುಚ್ಚಳದ ಗಡಗಡ.

ಮೊನ್ನೆ ನೆಂಟರ ಮನೆಗೆಂದು ಶಿಗ್ಗಾಂವಕ್ಕೆ ಬಂದಿದ್ದ ಗುಡ್ಡಪ್ಪನವರು, ಹಾನಗಲ್ಲಿನಲ್ಲಿ ಹಿರೇಕೆರೂರಿನ ಬಸ್ಸು ಹಿಡಿಯುತ್ತೇನೆಂದು ನನ್ನ ಕಾರು ಹತ್ತಿದರು. ಡಬ್ಬಿಯನ್ನು ಹಿಂದಿನ ಸೀಟಿಗೆ ಕಳಿಸಿ, ಎಮ್ಮೆಯ ಕತೆ ಇನ್ನೊಮ್ಮೆ ಆಗಲಿ ಎಂದೆ. ಅವರು ಎಲೆಯನ್ನು ಒಂದು ಪಕ್ಕಕ್ಕೆ ಸರಿಸಿ ಶುರುಮಾಡಿದರು. ಆದರೆ ಬೀಗ ಬೀಳಬೇಕಲ್ಲ? ರಸ್ತೆಗೆ ಆಗಷ್ಟೇ ಹೊಸ ಡಾಂಬರು ಬಿದ್ದಿತ್ತು. ಇಷ್ಟು ವರ್ಷ ಬೈದ ತೆಗ್ಗುಗಳಲ್ಲಿ ಒಂದಾದರೂ ಸಿಕ್ಕೀತೇ ಎಂದು ಕತೆ ಬಿಟ್ಟು ರಸ್ತೆಯಲ್ಲೇ ಹುಡುಕಿದೆ. “ಆವಾಗ ಎಮ್ಮಿ ಬಂದದ್ದ ಬಂದದ್ದು” ಎನ್ನುವ ಹೊತ್ತಿಗೆ ತಡೆಯಲಾಗಲಿಲ್ಲ. ಹಿಂದೆ ಯಾವ ವಾಹನವೂ ಇಲ್ಲವೆಂದು ನೋಡಿಕೊಂಡು ಗಕ್ಕನೆ ಬ್ರೇಕು ಒತ್ತಿದೆ. ಡಬ್ಬಿ ಉರುಳಿತು. ಕ್ಯಾಮೆರಾದ ಕೆಂಪು ದೀಪ ಮಿನುಗಿತು. ಬೀಗ ಬಿತ್ತು.

“ಏನ್ ಅಡ್ಡ ಬಂತ್ರಿ ಸರ?”

“ಎಮ್ಮಿ.”

“ಎಲ್ಲೈತಿ?”

“ನಿಮ್ಮ ಕತಿಯಾಗ.”

“ನಾ ಹ್ವಾದ ಮ್ಯಾಲ ನಿಮಗ ಗಾಡಿ ಹೊಡಿಯೋದ ಮರತೈತಿ ಬಿಡ್ರಿ!” ಎಂದವರೇ ಗುಡ್ಡಪ್ಪನವರು ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಹಾನಗಲ್ ಬರುವ ತನಕ ನನ್ನ ಪರವಾಗಿ ರಸ್ತೆ ಕಾದರು.

ಆ ನಿಮಿಷ ಈಗ ಖಾಯಂ. ಅದರಲ್ಲೂ ಎಮ್ಮೆ ಹಂದರದ ಬಾಗಿಲಲ್ಲೇ ನಿಂತಿದೆ. ಕೊನೆಯಲ್ಲಿ ಮಾತ್ರ, ಹಳೆಯ ಕಾರ್ಡಿನಲ್ಲಿ ಎಲ್ಲೂ ಸಿಗದ ಮಾತೊಂದು ನನ್ನ ದನಿಯಲ್ಲಿ ಕೇಳುತ್ತದೆ: “ಮುಂದೇನಾತ್ರಿ?”

ಗುಡ್ಡಪ್ಪನವರು ರಸ್ತೆಯ ಮೇಲೆ ಕಣ್ಣಿಟ್ಟು, ಥೇಟ್ ನನ್ನ ಹಾಗೆಯೇ, “ಹೂಂ” ಎನ್ನುತ್ತಾರೆ.