ಫಿರಂಗಿ ಎಳೆದ ವಂಶದ ಮುಂದೆ ನನ್ನ ಜೆರ್ಸಿ

ತೊಂಬತ್ತರ ದಶಕದಲ್ಲಿ ತಳಕಿನ ದನದ ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದಾಗ ನಾನು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ಊರ ದನಗಳು ನನಗೆ ಹೇಳುತ್ತಿದ್ದವು.

೧. ವಂಶದ ಹೆಮ್ಮೆ

ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನಲ್ಲಿ ಗೊಲ್ಲರ ಅಜ್ಜನೊಬ್ಬ ಅಮೃತಮಹಲ್ ದನ ಮೇಯಿಸುತ್ತಿದ್ದ.

"ಇವನ್ನ ಮಾರಿ ಜೆರ್ಸಿ ಕಟ್ಟು ಅಜ್ಜಾ. ಇವು ಎಷ್ಟು ಹಾಲು ಕೊಡ್ತಾವೆ?" ಅಂದೆ.

"ಕರುಗೆ ಸಾಲೋವಷ್ಟು ಸಾಮಿ. ಕರು ಇದುವರ್ಗೂ ತಕರಾರು ಮಾಡಿಲ್ಲ."

"ಮತ್ತೆ ಲಾಭ ಏನು?"

"ಒಣಹುಲ್ಲು ತಿಂದ್ಕಂಡು ಬಿಸ್ಲಾಗೇ ಬದುಕ್ತಾವೆ. ರಾಜರ ಕಾಲದಾಗೆ ಫಿರಂಗಿ ಎಳೆದ ವಂಶ ಇದು!"

"ಈಗ ಯಾವ ಯುದ್ಧ ಐತೆ?" ಎಂದು ನಕ್ಕೆ.

ಅಜ್ಜ ನನ್ನ ಚೀಲ ನೋಡಿದ. "ನೀವು ಸೂಜಿ ಹಿಡ್ಕಂಡು ಬಂದಾಗ್ಲೆಲ್ಲ ಯುದ್ಧಾನೇ ಸಾಮಿ."

೨. ಮನೆಗೆ ಬಂದ ಮಹಾರಾಣಿ

ಬರೀ ಮಾತಿಗೆ ಯಾರೂ ಬಗ್ಗಲಿಲ್ಲ. ಮಾದರಿಯಾಗಲೆಂದು ನಾನೇ ಒಂದು ಜೆರ್ಸಿ ತಂದೆ. ಹಾಲೇನೋ ಧಾರಾಳ, ನಮ್ಮ ಸೀಮೆಯ ಬಿಸಿಲು ಮಾತ್ರ ಮಹಾರಾಣಿಗೆ ಆಗದು. ಮೈಮೇಲೆ ಒದ್ದೆ ಗೋಣಿ, ಎದುರಿಗೆ ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು. ಕರೆಂಟು ಹೋದರೆ ನಾನೇ ಮೊರ ಹಿಡಿದು ಬೀಸುತ್ತಿದ್ದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಎರಡು ಸಲ ಬಸುರಿಯಾದೆ, ಎರಡೂ ಬೇಸಿಗೇಲೇ. ಒಂದಿನಾನಾದ್ರೂ ಹಿಂಗೆ ಬೀಸಿದ್ರಾ?"

೩. ಮಾದರಿ ಹಸುವಿನ ಮೆರವಣಿಗೆ

ಅಷ್ಟು ಅಂದವಳೇ ಹಸುವನ್ನು ಮಗಳಂತೆ ಹಚ್ಚಿಕೊಂಡಳು. ಬಿ.ಜಿ. ಕೆರೆಯ ಜಾನುವಾರು ಶಿಬಿರದಲ್ಲಿ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಅದನ್ನು ನೋಡಬೇಕಂತೆ. ಹೊರಡುವಾಗ ಹೆಂಡತಿ ಹೇಳಿದಳು: "ನನ್ನ ಹಸೂಗೆ ಏನಾದ್ರೂ ಆದ್ರೆ ನೀವೂ ಮನೆಗೆ ಬರಬ್ಯಾಡ್ರಿ."

ಹಸುವನ್ನು ಹತ್ತಿಸಿದ್ದ ಟೆಂಪೋ ದಾರಿಯಲ್ಲಿ ಕೆಟ್ಟಿತು. ಇಳಿಸಿ ನಡೆಸಿದೆ. ಸ್ವಲ್ಪ ದೂರಕ್ಕೇ ಮಹಾರಾಣಿ ನಾಲಿಗೆ ಚಾಚಿ ನಡುರಸ್ತೆಯಲ್ಲಿ ಮಲಗಿಬಿಟ್ಟಳು. ಅಯ್ಯೋ ದೇವರೇ, ಹಗ್ಗ ಹಿಡಿದು ಎಷ್ಟು ಎಳೆದರೂ ಏಳಲಿಲ್ಲ.

ಆಗ ಬಂದದ್ದು ಅದೇ ಅಜ್ಜ, ಶಿಬಿರಕ್ಕೆಂದು ಗಾಡಿ ಹೊಡೆದುಕೊಂಡು. ದಾರಿಹೋಕರೆಲ್ಲ ಸೇರಿ ಹಸುವನ್ನು ಗಾಡಿಗೆ ಹತ್ತಿಸಿ ತಲೆಗೆ ನೀರು ಸುರಿದೆವು. ಅವನ ಜೋಡಿ ಅಮೃತಮಹಲ್ ಎತ್ತು ಆ ಉರಿಬಿಸಿಲಲ್ಲಿ ಓಡಿಕೊಂಡೇ ಎಳೆದವು.

ಸಾಹೇಬರು ಮೈಕಿನಲ್ಲಿ, "ರೈತ ಬಾಂಧವರೇ, ಅಗೋ ಬಂತು ಮಾದರಿ ಹಸು!" ಎಂದರು. ಎಲ್ಲರೂ ತಿರುಗಿದರು. ಗಾಡಿಯಲ್ಲಿ ಹಸು ಮಲಗಿತ್ತು, ಪಕ್ಕದಲ್ಲಿ ಕೂತು ನಾನು ಟವೆಲ್ ಬೀಸುತ್ತಿದ್ದೆ. ಜನ ಚಪ್ಪಾಳೆ ತಟ್ಟಿದರು, ಎತ್ತುಗಳಿಗೆ.

ನೆರಳಿಗೆ ಇಳಿಸಿದ ಮೇಲೆ ಹಸು ಎದ್ದು ನೀರು ಕುಡಿಯಿತು. ಸದ್ಯ, ನನ್ನ ಸಂಸಾರ ಉಳಿಯಿತು!

ಸಾಹೇಬರು ಮಾತ್ರ ಸೋಲಲಿಲ್ಲ. "ಏನಜ್ಜಾ, ನೀನೂ ಇಂಥದ್ದೊಂದು ತಗೋತೀಯಾ?"

"ತಗೋತೀನಿ ಸಾಮಿ," ಅಂದ ಅಜ್ಜ. "ಆದ್ರೆ ಫಿರಂಗಿಗೆ ಗಾಲಿ ಇರ್ತಿದ್ವು. ಇದನ್ನ ಹೊತ್ಕಂಡು ತಿರುಗಾಕೆ ಗಾಡಿ, ಎತ್ತು ಎರಡೂ ನೀವೇ ಕೊಡಿಸ್ಬೇಕು."