ನಮ್ಮ ಗೇಟಿನ ಮುಂದಿನ ಮಾರುತಿರಾವ

ರಾಜಕೀಯದವರನ್ನು ಬೈಯುವುದು ನನಗೆ ಬೆಳಗಿನ ಚಹಾದಷ್ಟೇ ಹಳೆಯ ಚಟ. ಆದರೆ ಅವರೇ ಬಂದು ನಮ್ಮ ಮನೆಯ ಚಹಾ ಕುಡಿಯತೊಡಗಿದರೆ ಬೈಯುವುದು ಹೇಗೆ? ನನ್ನ ಸಂಕಟ ಅದೇ.

ಬೀದರಿನ ನಮ್ಮ ಓಣಿಯಿಂದ ನಗರಸಭೆಗೆ ಆರಿಸಿ ಬಂದ ಸುಮನಬಾಯಿ ಗೆದ್ದ ಮೇಲೆ ಮೆರವಣಿಗೆ ಮಾಡಲಿಲ್ಲ, ಗಿಡ ಹಚ್ಚಿಸಿದರು. ಇದರಲ್ಲೇನು ಹೊಸತು ಎಂದುಕೊಂಡೆ. ಭಾಲ್ಕಿಯಲ್ಲಿ ನಾನು ಓದಿದ ಶಾಲೆಯಲ್ಲಿ ಗುಂಡಿ ಮಾತ್ರ ಒಂದೇ. ಪ್ರತಿ ವರ್ಷ ಅದರಲ್ಲೇ ಹೊಸ ಗಿಡ, ಹೊಸ ಭಾಷಣ. ಆದರೆ ಬಾಯಿಯವರ ಉಪಾಯ ಬೇರೆ. ಒಂದೊಂದು ಗಿಡಕ್ಕೂ ಒಬ್ಬೊಬ್ಬರ ಹೆಸರಿನ ಫಲಕ. ಹೆಸರಿನವರೇ ನೀರು ಹಾಕಬೇಕು. ನಮ್ಮ ಗೇಟಿನ ಮುಂದಿನ ಬೇವಿಗೆ ಅವರು ಕಟ್ಟಿಸಿದ್ದು, ಚುನಾವಣೆಯಲ್ಲಿ ತಮ್ಮೆದುರು ಸೋತ ಮಾರುತಿರಾವರ ಹೆಸರನ್ನು. ಸೋತವರ ಹೆಸರಿನ ಗಿಡವೂ ಒಣಗಿದರೆ ಓಣಿಯ ಬಾಯಿ ಸುಮ್ಮನಿರುತ್ತದೆಯೇ? ಮಾರುತಿರಾವ ಮರುದಿನವೇ ಕೊಡ ಹಿಡಿದು ಬಂದರು. ಆಮೇಲೆ ದಿನಾ ಬಂದರು. ನೀರು ಹಾಕಿ ನಮ್ಮ ಕಟ್ಟೆಯ ಮೇಲೆ ಕೂತು, “ಸರ್, ಚಹಾ ಆಗ್ಯಾದೇನ್ರಿ?” ಎನ್ನುವರು. ಚಹಾದ ಹಿಂದೆ ನನ್ನ ಪೇಪರೂ ಅವರ ಕೈಸೇರುತ್ತಿತ್ತು.

ಹೀಗಿರುವಾಗ ಔರಾದದಿಂದ ನನ್ನ ಮಾವ, ಮೊಮ್ಮಗಳು ಸೊರಗಿದ್ದಾಳೆಂದು ಹಾಲು ಕೊಡುವ ಆಡನ್ನೇ ಟೆಂಪೊದಲ್ಲಿ ಹೇರಿಕೊಂಡು ಬಂದರು. ಇಳಿಸಿ ಎಲ್ಲಿ ಕಟ್ಟುವುದು? ಬೇವಿನ ಸುತ್ತಲಿನ ಜಾಲರಿಗೆ ಕಟ್ಟಿದೆ. ಹೌದು, ನಾನೇ. ಊಟ ಮುಗಿಸಿ ಹೊರಗೆ ಬರುವಷ್ಟರಲ್ಲಿ ಆಡು ಹಿಂಗಾಲ ಮೇಲೆ ನಿಂತು ಮಾರುತಿರಾವರನ್ನು ತುದಿಯಿಂದ ಬುಡದವರೆಗೆ ಬೋಳಿಸಿತ್ತು.

ಇದರಲ್ಲಿ ರಾಜಕೀಯ ಇದೆ ಎಂದು ಅವರು ತಿಳಿದರೆ? ಅದೂ ಹೋಗಲಿ, ಅಷ್ಟು ದಿನದಲ್ಲಿ ಆ ಗಿಡದ ಮೇಲೆ ನನಗೂ ಜೀವ ಆಗಿತ್ತು. ಸಂಜೆ ಮಾರುತಿರಾವ ಬಂದು ಬೋಳು ಕಡ್ಡಿ ನೋಡಿ, ಕೊಡ ಕೆಳಗಿಟ್ಟರು. ಅಂದು ಚಹಾ ಕೂಡ ಕೇಳಲಿಲ್ಲ. ನನಗೆ ನಿಜಕ್ಕೂ ಕೆಟ್ಟದೆನಿಸಿತು. ಸುದ್ದಿ ತಿಳಿದು ಸುಮನಬಾಯಿಯೂ ಬಂದರು. ಉಗುರಿನಿಂದ ತೊಗಟೆ ಕೆರೆದು ನೋಡಿ, “ಒಳಗ ಇನ್ನಾ ಹಸರ ಅದರಿ. ನನಗ ಸೋತೀರಿ, ಆಡಿಗಿ ಸೋಲಬ್ಯಾಡ್ರಿ ಅಣ್ಣಾ” ಎಂದರು.

“ಆಡಿಗಿ ಟಿಕೇಟ್ ಕೊಟ್ಟವರು ಯಾರಂತ ಮೊದಲ ಕೇಳ್ರಿ” ಎಂದು ಮಾರುತಿರಾವ ನನ್ನತ್ತ ನೋಡಿದರು. ಇಬ್ಬರೂ ನಕ್ಕರು. ನಕ್ಕು, ಇಬ್ಬರೂ ಸೇರಿ ಹಿಡಿದು ಜಾಲರಿ ಎತ್ತರಿಸಿದರು. ಆಡು ಮರುದಿನವೇ ಔರಾದಕ್ಕೆ ಮರಳಿತು.

ಮಳೆ ಬಿದ್ದದ್ದೇ ತಡ, ಕಡ್ಡಿಯ ಮೈತುಂಬ ಕೆಂಪು ಚಿಗುರು. ಮಾರುತಿರಾವ ನಮ್ಮ ಕಟ್ಟೆಯಿಂದಲೇ ಫೋನ್ ಹಚ್ಚಿ, “ಬಾಯಾರ, ನಾ ಚಿಗತೀನ್ರಿ” ಎಂದದ್ದನ್ನು ಕಿವಿಯಾರೆ ಕೇಳಿದೆ. ಎರಡು ಮಳೆಗಾಲ ಕಳೆದ ಮೇಲೆ ಈಗ ಅವರ ನೆರಳು ನಮ್ಮ ಗೇಟಿನವರೆಗೆ ಬರುತ್ತದೆ. ಮುಂದಿನ ಬೇಸಿಗೆಗೆ ಕಟ್ಟೆಯವರೆಗೂ ಬಂದೀತು.

ಶಿಕ್ಷೆಯೋ ಸನ್ಮಾನವೋ ಗೊತ್ತಿಲ್ಲ, ಬಾಯಿಯವರು ಗೇಟಿನ ಇನ್ನೊಂದು ಬದಿಗೆ ನನ್ನ ಹೆಸರಿನಲ್ಲೂ ಒಂದು ಹೊಂಗೆ ಹಚ್ಚಿಸಿದ್ದಾರೆ. ದಿನಾ ಬೆಳಿಗ್ಗೆ ನನಗೆ ನಾನೇ ನೀರು ಹಾಕಿಕೊಳ್ಳುತ್ತೇನೆ. ಮಾರುತಿರಾವ ಕಟ್ಟೆಯ ಮೇಲೆ ಚಹಾ ಹೀರುತ್ತಾ, “ಸರ್, ನೀವು ಯಾಕೋ ಸೊಟ್ಟ ಬೆಳಿಲಾಕತ್ತೀರಿ” ಎನ್ನುತ್ತಾರೆ.

“ಅವರು ಮೊದಲಿಂದ ಹಾಂಗೇ ಅದಾರ್ರಿ” ಎಂದು ಒಳಗಿನಿಂದ ನನ್ನ ಹೆಂಡತಿ.