ಕಂಪ್ಯೂಟರಿಗೂ ತೂಗುಗುಂಡು

ಇಡೀ ಗೋವಾದಲ್ಲಿ ಕಂಪ್ಯೂಟರಿನ ಪರದೆಗೆ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗೌಂಡಿಯ ತೂಗುಗುಂಡು ಹಿಡಿದು ನೋಡುವವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ! ನಗಬೇಡಿ. ಆ ಗುಂಡು ಅವರ ನೌಕರಿ ಉಳಿಸಿದೆ.

ಕಾಕಾ ಮತ್ತು ನಮ್ಮ ಅಪ್ಪ ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ಅಣ್ಣತಮ್ಮಂದಿರು. ಫಾತೋರ್ಡಾದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಗಿಲಾವು ಮಾಡಲು ಹೋದ ಕಾಕಾ, ಗೋಡೆ ಒಣಗಿದರೂ ಅಲ್ಲಿಂದ ಕದಲಲಿಲ್ಲ! ಧೂಳು ಒರೆಸಿದರು, ತಂತಿ ಜೋಡಿಸಿದರು, ಕೇಳಿ ಕೇಳಿ ಕಲಿತರು. ಕಡೆಗೆ ಅದೇ ಮಾಲಕರ ಫಾತೋರ್ಡಾ, ಕೊರ್ತಾಲಿಮ್, ಮ್ಹಾಪಸಾ ಮೂರೂ ಕೇಂದ್ರಗಳ ಮೂವತ್ತು ಕಂಪ್ಯೂಟರುಗಳು ಅವರ ಸುಪರ್ದಿಗೆ ಬಂದವು. ಅವಕ್ಕೆಲ್ಲ ನಮ್ಮ ಬಳಗದವರ ಹೆಸರು! ಎಷ್ಟು ಎಬ್ಬಿಸಿದರೂ ಏಳದ್ದು ಸೋದರತ್ತೆ, ಎರಡೇ ನಿಮಿಷಕ್ಕೆ ಬಿಸಿಯಾಗುವುದು ಕಾಕಾನ ಹೆಂಡತಿ ಕಾಕೂ, ಏನು ಮಾಡಹೋದರೂ 'ಖಚಿತವೇ?' ಎಂದು ಪ್ರಶ್ನೆ ಹಾಕುವುದು ನಾನು.

ಒಂದು ಸಣ್ಣ ಬದಲಾವಣೆ ಮಾಡಬೇಕೆಂದರೂ ಕಾಕಾ ಬಸ್ ಹತ್ತಿ, ಮೂರೂ ಊರು ತಿರುಗಿ, ಒಂದೊಂದರ ಮುಂದೆಯೂ ಕೂತು, ಬೆನ್ನು ತಟ್ಟಿ ಬರಬೇಕು. ಮ್ಹಾಪಸಾ ಮುಗಿಯುವಷ್ಟರಲ್ಲಿ ಫಾತೋರ್ಡಾದ ವಿದ್ಯಾರ್ಥಿಗಳು ಎಲ್ಲವನ್ನೂ ಕೆಡಿಸಿಟ್ಟಿರುತ್ತಿದ್ದರು. ಈ ವರ್ಷ ಕಾಕಾನ ಮೊಣಕಾಲು ಮುಷ್ಕರ ಹೂಡಿತು. ಮಾಲಕರು ಹೇಳಿಬಿಟ್ಟರು: ಶನಿವಾರ ಪರೀಕ್ಷೆ, ಮೂವತ್ತೂ ಒಂದೇ ತರಹ ಸಿದ್ಧವಿರಬೇಕು, ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ.

ನಾನು ಪಣಜಿಯ ಹೋಟೆಲೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಗುರುವಾರ ರಜೆ ಹಾಕಿ, ಲ್ಯಾಪ್‌ಟಾಪ್ ಹಿಡಿದು ಕಾಕಾನ ಮನೆಗೆ ಓಡಿದೆ.

"ಕಾಕಾ, ಇನ್ನ ಬಸ್ ಹತ್ತೂದು ಬ್ಯಾಡ್ರಿ. ಕಂಪ್ಯೂಟರ್ ಹೆಂಗಿರಬೇಕು ಅಂತ ಒಂದು ಫೈಲಿನ್ಯಾಗ ಬರದಿಟ್ರ ಸಾಕು. ಈ ಸಾಫ್ಟ್‌ವೇರ್ ಎಲ್ಲಾನೂ ಮಾತಾಡಿಸಿ ನೋಡತೈತಿ. ಸರಿ ಇದ್ದದ್ದನ್ನ ಮುಟ್ಟಂಗಿಲ್ಲ, ಕೆಟ್ಟದ್ದನ್ನಷ್ಟ ತಿದ್ದತೈತಿ."

"ಅಂದ್ರ ನಿಮ್ಮ ಕಾಕೂನಂಗ! ಮನ್ಯಾಗ ಎಲ್ಲಾ ಬರೋಬರಿ ಇದ್ರ ಉಸರಿಲ್ಲ. ಒಂದು ಚರಗಿ ಅತ್ಲಾಗ ಸರದ್ರ ಓಣಿಗೆಲ್ಲಾ ಕೇಳತೈತಿ!"

ಇಷ್ಟು ಚೆನ್ನಾಗಿ ನನಗೆ ಕಲಿಸಿದವರೂ ಹೇಳಿರಲಿಲ್ಲ! ಅಡುಗೆಮನೆಯಲ್ಲಿ ಒಂದು ನೀರಿನ ಚರಗಿ ಜೋರಾಗಿ ಸದ್ದು ಮಾಡಿತು.

ಮೊದಲು ಒಂದೇ ಕಂಪ್ಯೂಟರಿನ ಮೇಲೆ ಪ್ರಯೋಗ ಮಾಡಿ ಎಂದು ನೂರು ಸಲ ಹೇಳಿದ್ದೆ. ಕೇಳಿದರೆ ಅವರು ನಮ್ಮ ಕಾಕಾ ಹೇಗಾದಾರು? ನಾನು ಚಹಾ ಕುಡಿದು ಬರುವಷ್ಟರಲ್ಲಿ ಅವರು ಫೈಲಿನಲ್ಲಿ ಬರೆದು ಓಡಿಸಿದ್ದು ಮೂವತ್ತೂ ಪರದೆಗಳ ಮೇಲೆ ದಪ್ಪಕ್ಷರದಲ್ಲಿ 'ಊಟ ಆತೇನ್ರಿ?' ಎಂದು ಬಂದಿತ್ತು! ಮ್ಹಾಪಸಾದ ಟೀಚರಿಂದ ಗಾಬರಿಯ ಫೋನು: "ಹೆಂ ಕಿತೆಂ?" ಇದೇನು ಎಂದರೆ ಕಾಕಾ ಏನು ಹೇಳಬೇಕು? ಕೊಂಕಣಿಯಲ್ಲಿ ಅದನ್ನೇ ಕೇಳಿದರು: "ಜೆವಣ್ ಜಾಲೆಂ?" ಆ ಕಡೆಯಿಂದ ಸಣ್ಣ ದನಿ: "ಅಜೂನ್ ನಾ." ಇನ್ನೂ ಊಟವಿಲ್ಲ! ಮೂರು ಗಂಟೆಯಾಗಿತ್ತು. ಪಾಪ, ಫೋನಿಟ್ಟು ಡಬ್ಬಿ ಬಿಚ್ಚಲು ಹೋದರು.

"ನೋಡು ಯವ್ವಾ, ಕುರ್ಚಿ ಬಿಟ್ಟು ಏಳದನ ಮ್ಹಾಪಸಾದಾಗ ಒಬ್ಬರಿಗೆ ಉಣ್ಣಿಸಿದೆ!" ಎಂದರು ಕಾಕಾ.

ಆಮೇಲೆ ಪರೀಕ್ಷೆಯ ಅಸಲಿ ಫೈಲು. ಇದರಲ್ಲಿ ಸಾಲುಗಳು ಒಂದರ ಕೆಳಗೊಂದು ನೆಟ್ಟಗೆ ಶುರುವಾಗಬೇಕು. ಒಂದು ಅಕ್ಷರದ ಜಾಗ ಆಚೀಚೆಯಾದರೂ ಸಾಫ್ಟ್‌ವೇರ್ ಮುನಿಸಿಕೊಳ್ಳುತ್ತದೆ. ಶುಕ್ರವಾರ ಸಂಜೆಯಾದರೂ ಅದರ ಮುನಿಸು ಇಳಿಯಲಿಲ್ಲ! ಇಬ್ಬರೂ ಕಣ್ಣು ಕೀಲಿಸಿ ನೋಡಿದರೂ ತಪ್ಪು ಸಿಗದು. ಕಾಕಾ ಕುಂಟುತ್ತಾ ಎದ್ದು, ಗೂಟಕ್ಕೆ ತೂಗುಹಾಕಿದ್ದ ಹಳೇ ಚೀಲದಿಂದ ನಮ್ಮ ಅಪ್ಪನ ತೂಗುಗುಂಡು ತೆಗೆದರು. ದಾರವನ್ನು ಪರದೆಯ ಮುಂದೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿದರು.

"ಹದಿನೇಳನೇ ಸಾಲು ಹೊಟ್ಟಿ ಬಿಟ್ಟೈತಿ!"

ನಿಜ! ಒಂದು ಸ್ಪೇಸ್ ತೆಗೆದೆ, ಮತ್ತೆ ಓಡಿಸಿದೆ. ಸಿದ್ಧವಾದ ಕಂಪ್ಯೂಟರಿನ ಸಾಲು ಒಂದೊಂದೇ ಹಸಿರು! ಹಸಿರು! ಸೋದರತ್ತೆ ಕೂಡ ಒಂದೇ ಕೂಗಿಗೆ ಎದ್ದು ಹಸಿರಾದರು! ನಾವಿಬ್ಬರೂ ಕಿರುಚಿದ್ದಕ್ಕೆ ಕಾಕೂ ಲಟ್ಟಣಿಗೆ ಹಿಡಿದುಕೊಂಡೇ ಓಡಿಬಂದರು.

ಆದರೆ ಕಟ್ಟಕಡೆಗೆ ಒಂದು ಕೆಂಪು ಸಾಲು. ಮೂವತ್ತೊಂದನೆಯದು ಉತ್ತರ ಕೊಡುತ್ತಿಲ್ಲವಂತೆ. ಇರುವುದೇ ಮೂವತ್ತಲ್ಲವೇ? ಈ ವರದಿ ಮಾಲಕರಿಗೆ ಹೋಗಬೇಕು, ಕೆಂಪು ಕಂಡರೆ ಕೆಲಸ ಹೋದಂತೆ. ಸಾಫ್ಟ್‌ವೇರ್ ಯಾರನ್ನೆಲ್ಲ ಮಾತಾಡಿಸಬೇಕೆಂದು ಕಾಕಾ ಬರೆದಿದ್ದ ಹೆಸರುಗಳ ಪಟ್ಟಿಯನ್ನು ಗಾಬರಿಯಿಂದ ತೆರೆದೆ. ಕೊನೆಯ ಹೆಸರು 'ಅಣ್ಣ'.

"ಕಾಕಾ, ಇದು ಯಾವ ಕಂಪ್ಯೂಟರ್ ರೀ? ಅಳಸ್ಲೇನು?"

ಕಾಕಾ ಮೊಣಕಾಲು ತಿಕ್ಕುತ್ತಾ ನೆಲ ನೋಡಿದರು.

"ಕಂಪ್ಯೂಟರ್ ಅಲ್ಲವ್ವಾ, ನಿಮ್ಮ ಅಪ್ಪ. ದಿನಾ ಮುಂಜಾನೆ ಕೆಲಸಾ ಚಾಲೂ ಮಾಡೂ ಮುಂದ ಅಂವಗ ಫೋನ್ ಹಚ್ಚತಿದ್ದೆ. ಅಂವ ಹೋಗಿ ಎರಡು ವರ್ಷ ಆತು, ಹಚ್ಚಾಕ ನಂಬರಿಲ್ಲ. ಇದು ಹೆಂಗೂ ಎಲ್ಲಾರನ್ನೂ ಮಾತಾಡಸತೈತಿ... ಅಂವನ್ನೂ ಒಮ್ಮೆ ಕರೀಲಿ ಅಂತ ಬರದೆ."

ನನಗೆ ಅಳು ಬಂದುಬಿಟ್ಟಿತು. ಮೂಗು ಒರೆಸಿಕೊಂಡು ಮಾಲಕರಿಗೆ ನಾನೇ ಫೋನ್ ಮಾಡಿದೆ. ನಿಮ್ಮ ಮೂವತ್ತೂ ಸಿದ್ಧ, ಆ ಕೆಂಪು ಸಾಲು ನಮ್ಮ ಮನೆಯದು ಎಂದೆ. ಮರುದಿನ ಪರೀಕ್ಷೆ ಸುಸೂತ್ರ ನಡೆಯಿತು. ಇನ್ನು ಮನೆಯಿಂದಲೇ ನೋಡಿಕೊಳ್ಳಿ ಎಂದು ಮಾಲಕರು ಕಾಕಾನಿಗೆ ಹೇಳಿ ಕಳಿಸಿದರು.

ಆ ಸಾಲನ್ನು ಮಾತ್ರ ನಾನು ಅಳಿಸಲಿಲ್ಲ. ಅಪ್ಪನ ತೂಗುಗುಂಡನ್ನು ಅಪ್ಪನ ಹೆಸರಿನ ಮುಂದೆಯೂ ಇಳಿಬಿಟ್ಟು ನೋಡಿದೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.